ಹೇಳಿಕೊಳ್ಳದ ಜಾಗದ ಗಾಯ

ನನ್ನ ಗಂಡನಿಗೆ ಮೂಲವ್ಯಾಧಿಯ ಆಪರೇಷನ್ ಆದಾಗ ನಮ್ಮ ಮನೆಗೆ ಯಾರ್ಯಾರು ಬಂದರೆಂದು ಹೇಳಿ ಮುಗಿಯುವುದಿಲ್ಲ. ಅವರು ಕೆಲಸ ಮಾಡುವ ಸಹಕಾರ ಸಂಘದವರು, ಅಡಿಕೆ ಮಂಡಿಯವರು, ಮೂಲೆಯ ಔಷಧಿ ಅಂಗಡಿಯವನು, ಹರಿಹರಪುರದಿಂದ ನಾದಿನಿ. ಬಂದವರೆಲ್ಲ ಮೂಸಂಬಿ ತಂದರು. ನನ್ನ ಗಂಡ ಗಾಳಿ ತುಂಬಿದ ರಬ್ಬರ್ ಟ್ಯೂಬಿನ ಮೇಲೆ ಕೂತು, ಡಾಕ್ಟರು ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದು, ಸೊಂಟದ ಕೆಳಗೆ ಮರಗಟ್ಟಿದ್ದು, ಎಷ್ಟು ಗಡ್ಡೆ ತೆಗೆದರು ಎಂಬುದು, ಎಲ್ಲವನ್ನೂ ನಗುತ್ತ ಹೇಳುತ್ತಿದ್ದರು. ಬಂದವರೂ ನಗುತ್ತಿದ್ದರು. ನಾನು ಕಾಫಿ ತಂದುಕೊಡುತ್ತಿದ್ದೆ. ಆಗ ನನಗೆ ಅದೇ ಜಾಗದಿಂದ ರಕ್ತ ಹೋಗಲು ಶುರುವಾಗಿ ಆರು ವರ್ಷವಾಗಿತ್ತು. ಅದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಶಾಲೆಯಲ್ಲಿ ಕಲಿಸುವವಳು. ಮನೆ ಕೊಪ್ಪದಲ್ಲಿ, ಶಾಲೆ ಮುತ್ತಿನಕೊಪ್ಪದಿಂದ ಒಳಗೆ. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದು ನರಸಿಂಹರಾಜಪುರ, ಅಲ್ಲಿಂದ ಇನ್ನೊಂದು ಬಸ್ಸು, ಇಳಿದ ಮೇಲೆ ಒಂದು ಮೈಲಿ ನಡಿಗೆ. ಶಾಲೆಗೆ ಎರಡು ಶೌಚಾಲಯ ಇದ್ದವು. ಒಂದರಲ್ಲಿ ಮುರಿದ ಬೆಂಚು ತುಂಬಿಟ್ಟಿದ್ದರು. ಇನ್ನೊಂದಕ್ಕೆ ಚಿಲಕವಿರಲಿಲ್ಲ, ನೀರೂ ಇರಲಿಲ್ಲ, ಅದರ ಬಾಗಿಲಿಗೆ ನೇರವಾಗಿ ಏಳನೇ ತರಗತಿಯ ಕಿಟಕಿ. ಮೇಷ್ಟ್ರುಗಳು ಹಿಂದಿನ ಗುಡ್ಡದ ಕಡೆ ಹೋಗಿಬರುತ್ತಿದ್ದರು. ನಾನು ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಕಕ್ಕಸಿಗೆ ಹೋಗಲು ಆಗದಿದ್ದರೆ ರಾತ್ರಿಯವರೆಗೂ ತಡೆದುಕೊಳ್ಳುವುದು. ಕೆಲವು ಸಲ ಮಾರನೇ ದಿನದವರೆಗೂ. ಮಗಳು ಹುಟ್ಟಿದಾಗಲೇ ಒಂದು ಗಡ್ಡೆ ಹೊರಗೆ ಬಂದಿತ್ತು. ಹೆರಿಗೆ ಮಾಡಿಸಿದ ನರ್ಸು, ‘ಬಾಣಂತಿಯರಿಗೆ ಆಗತ್ತೆ, ತಾನಾಗಿಯೇ ಹೋಗತ್ತೆ’ ಅಂದಿದ್ದಳು. ಹೋಗಲಿಲ್ಲ.

ಗಂಡನಿಗೆ ತೊಂದರೆ ಶುರುವಾಗಿ ಎರಡು ತಿಂಗಳಿಗೆ ಆಪರೇಷನ್ ಆಯಿತು. ಅವರು ಎರಡು ದಿನ ನರಳಿದ್ದೇ ತಡ, ನಾದಿನಿ ಫೋನಿನಲ್ಲಿ ಶಿವಮೊಗ್ಗದ ಡಾಕ್ಟರನ್ನು ಗೊತ್ತುಮಾಡಿದಳು. ನಾನು ರಜೆ ಹಾಕಿದೆ. ದಿನಕ್ಕೆ ಮೂರು ಸಲ ಅಗಲದ ಟಬ್ಬಿಗೆ ಬಿಸಿನೀರು ಹದ ಮಾಡಿ ಹಾಕುತ್ತಿದ್ದೆ, ಅವರು ಅದರಲ್ಲಿ ಕೂರುತ್ತಿದ್ದರು. ಗಂಜಿ, ಸೋರೆಕಾಯಿ, ಪಪ್ಪಾಯಿ. ರಕ್ತದ ಬಟ್ಟೆಗಳನ್ನು ನಾನೇ ಒಗೆಯುತ್ತಿದ್ದೆ. ಮೂರು ವಾರಕ್ಕೆ ಅವರು ಬೈಕ್ ಹತ್ತಿದರು. ಅದಾಗಿ ಇಷ್ಟು ವರ್ಷವಾಯಿತು, ಇವತ್ತಿಗೂ ಅವರಿಗೆ ಒಂದು ಹನಿ ರಕ್ತ ಕಂಡಿಲ್ಲ. ಮೂಲವ್ಯಾಧಿ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ‘ಆಪರೇಷನ್ ಮಾಡಿಸ್ಕ ಮಾರಾಯ, ಎಂತದೂ ಇಲ್ಲ ಅದು’ ಎನ್ನುತ್ತಾರೆ.

ಆಗ ನಾನು ಯಾಕೆ ಹೇಳಲಿಲ್ಲ ಎಂದು ಆಮೇಲೆ ಎಲ್ಲರೂ ಕೇಳಿದರು. ಒಂದು ಸಲ ಹೇಳಿದ್ದೆ. ಅವರ ಬಟ್ಟೆ ಒಗೆದು ಒಳಗೆ ಬಂದವಳು, ‘ನಂಗೂ ಸ್ವಲ್ಪ ಹಾಗೇ ಆಗ್ತದೆ ಕಣ್ರೀ’ ಅಂದೆ.

ಅವರು ಟಿವಿಯಿಂದ ಕಣ್ಣು ತೆಗೆಯದೆ, ‘ನಿಂಗೆ ಉಷ್ಣ ಇರ್ಬೇಕು. ಮಜ್ಜಿಗೆ ಕುಡಿ’ ಅಂದರು.

ನಾನು ಮಜ್ಜಿಗೆ ಕುಡಿದೆ. ಮತ್ತೆ ಆ ಮಾತು ಎತ್ತಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಗಡ್ಡೆಗಳು ತಾವಾಗಿ ಒಳಗೆ ಹೋಗುವುದನ್ನು ಬಿಟ್ಟವು. ಬೆರಳಿನಿಂದ ಒಳಗೆ ತಳ್ಳಿ ಬಸ್ಸು ಹತ್ತಬೇಕಾಗಿತ್ತು. ಬಸ್ ನಿಲ್ದಾಣದ ಗೋಡೆಗೆ ಒಂದು ಹಳದಿ ಚೀಟಿ ಅಂಟಿಸಿದ್ದರು. ಮೂಲವ್ಯಾಧಿಗೆ ಕತ್ತಿ ಇಲ್ಲದೆ, ನೋವಿಲ್ಲದೆ ಒಂದೇ ಇಂಜೆಕ್ಷನ್ನಿನಲ್ಲಿ ಗ್ಯಾರಂಟಿ ಗುಣ, ವಾರಕ್ಕೊಂದು ದಿನ ಶೃಂಗೇರಿಯಲ್ಲಿ ಭೇಟಿ ಎಂದು ಬರೆದಿತ್ತು. ನನಗೆ ಹಿಡಿಸಿದ್ದು ಇಂಜೆಕ್ಷನ್ ಅಲ್ಲ, ಶೃಂಗೇರಿ. ಕೊಪ್ಪದಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಹತ್ತು ಜನ ‘ಎಂತಕ್ಕೆ ಟೀಚರ್?’ ಎಂದು ಕೇಳುತ್ತಾರೆ. ಶೃಂಗೇರಿಗೆ ಹೋಗುತ್ತೇನೆ ಎಂದರೆ ಯಾರೂ ಕಾರಣ ಕೇಳುವುದಿಲ್ಲ.

ದೇವಸ್ಥಾನಕ್ಕೆ ಹೋಗಿಬರುತ್ತೇನೆ ಎಂದು ಗಂಡನಿಗೆ ಹೇಳಿ ಹೊರಟೆ. ಆ ಮನುಷ್ಯ ಕೂತಿದ್ದದ್ದು ಒಂದು ಮಹಡಿಯ ಕೋಣೆಯಲ್ಲಿ. ಮೇಜು, ಒಂದು ಮಂಚ, ಹಸಿರು ಪರದೆ. ಡಾಕ್ಟರ ಹಾಗೆ ಬಿಳಿ ಕೋಟು ಹಾಕಿದ್ದ. ನನ್ನ ಹೆಸರನ್ನೂ ಸರಿಯಾಗಿ ಕೇಳಲಿಲ್ಲ. ‘ಹತ್ತು ನಿಮಿಷದ ಕೆಲಸ ಅಮ್ಮಾ, ಇವತ್ತೇ ಅಡುಗೆ ಮಾಡ್ಬಹುದು’ ಅಂದ. ಸೂಜಿ ಚುಚ್ಚಿದ ಕ್ಷಣಕ್ಕೆ ಒಳಗೆ ಕೆಂಡ ಇಟ್ಟ ಹಾಗಾಯಿತು. ನಾನು ಕೂಗಿಕೊಂಡಾಗ, ‘ಮದ್ದು ಹಿಡೀತಾ ಇದೆ’ ಅಂದ.

ಕೆಳಗಿಳಿದು ಬಂದಾಗ ದೇವಸ್ಥಾನದವರೆಗೆ ನಡೆಯುವ ಶಕ್ತಿ ಇರಲಿಲ್ಲ. ಬರಿಗೈಯಲ್ಲಿ ಮನೆಗೆ ಹೋಗುವಂತಿಲ್ಲ. ಬೀದಿಯ ಅಂಗಡಿಯಲ್ಲಿ ಒಂದು ಪೊಟ್ಟಣ ಕುಂಕುಮ, ಒಂದಿಷ್ಟು ಕಲ್ಲುಸಕ್ಕರೆ ಕೊಂಡು ಬಸ್ಸು ಹತ್ತಿದೆ. ಕಂಬ ಹಿಡಿದು ನಿಂತೆ. ಹರಿಹರಪುರದಲ್ಲಿ ನಿಂತಿದ್ದವರಲ್ಲಿ ಒಂದಷ್ಟು ಜನ ಇಳಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಎದ್ದು ನಿಂತು, ‘ಇಲ್ಲಿ ಕೂತ್ಕಳಿ ಟೀಚರ್’ ಅಂದರು.

‘ಬ್ಯಾಡ, ಪರವಾಗಿಲ್ಲ’ ಅಂದೆ.

‘ಅಯ್ಯ, ನೀವು ನಿಂತು ನಾವು ಕೂರದಾ? ಬನ್ನಿ ಬನ್ನಿ’ ಎಂದು ಅವರು ಬಿಡಲೇ ಇಲ್ಲ. ಸುತ್ತಲಿನವರೆಲ್ಲ ನೋಡತೊಡಗಿದರು. ನಾನು ಕೂತೆ. ಕೊಪ್ಪ ಬರುವವರೆಗೆ ಆ ಮನುಷ್ಯ ತಮ್ಮ ಮಗನ ಕೆಲಸದ ವಿಷಯ ಹೇಳುತ್ತಿದ್ದರು, ನಾನು ಹ್ಞೂಂ ಹ್ಞೂಂ ಎನ್ನುತ್ತಿದ್ದೆ. ಇಳಿಯುವಾಗ ಸೀಟಿನ ಮೇಲೆ ಕಲೆ ಆಗಿದೆಯೋ ಎಂದು ನೋಡುವ ಧೈರ್ಯವೂ ಆಗಲಿಲ್ಲ.

ಮನೆಯಲ್ಲಿ ಗಂಡ ಆ ಕುಂಕುಮ ಹಣೆಗಿಟ್ಟುಕೊಂಡರು, ಕಲ್ಲುಸಕ್ಕರೆಯನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡರು. ‘ಜನ ಇತ್ತಾ?’ ಎಂದು ಕೇಳಿದರು. ‘ಇತ್ತು’ ಅಂದೆ.

ಮಾರನೇ ದಿನ ಜ್ವರ ಬಂತು. ಐದಾರು ದಿನಕ್ಕೆ ಸುಟ್ಟ ಮಾಂಸ ಕಳಚಿ ಬಂತು, ಕೀವು ಬಂತು. ಸ್ಟಾಫ್ ರೂಮಿನಲ್ಲಿ ಸೊಂಟನೋವು ಅಂದೆ, ಮನೆಯಲ್ಲೂ ಸೊಂಟನೋವು ಅಂದೆ. ಗಂಡ ಒಂದು ಮುಲಾಮಿನ ಟ್ಯೂಬ್ ತಂದುಕೊಟ್ಟರು, ಸೊಂಟಕ್ಕೆ ಹಚ್ಚಿಕೊಳ್ಳಲು. ತಿಂಗಳ ಮೇಲೆ ಗಾಯ ಒಣಗಿತು. ಆರು ತಿಂಗಳು ರಕ್ತ ನಿಂತಿತ್ತು, ಗೆದ್ದೆ ಅಂದುಕೊಂಡೆ. ಏಳನೇ ತಿಂಗಳಿಗೆ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ಶೃಂಗೇರಿಗೆ ಮತ್ತೆ ಹೋದೆ. ಆ ಮಹಡಿಯ ಕೋಣೆಯಲ್ಲಿ ಟೈಲರ್ ಒಬ್ಬ ಮೆಷಿನ್ ಹಾಕಿಕೊಂಡು ಕೂತಿದ್ದ.

ಇನ್ನೂ ಮೂರು ವರ್ಷ ಹೀಗೇ ಎಳೆದೆ. ಒಂದು ದಿನ ಐದನೇ ತರಗತಿಯಲ್ಲಿ ಭಿನ್ನರಾಶಿ ಬರೆಯುತ್ತಿದ್ದವಳು ಬೋರ್ಡಿನ ಬುಡದಲ್ಲೇ ಬಿದ್ದೆ. ಹೆಡ್ಮಾಸ್ತರು ಜೀಪು ತರಿಸಿ ಕಳಿಸಿದರು. ಕೊಪ್ಪದ ಆಸ್ಪತ್ರೆಯಲ್ಲಿದ್ದ ಲೇಡಿ ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್ ಹನ್ನೆರಡು ಇರಬೇಕಾದ್ದು ಆರು ಇತ್ತು.

‘ಎಲ್ಲಿಂದ ಹೋಗ್ತಾ ಇದೆ ರಕ್ತ?’ ಎಂದು ಕೇಳಿದರು.

ನಾನು ಹೇಳಿದೆ. ಗಂಡ ಬಾಗಿಲ ಹತ್ತಿರವೇ ನಿಂತಿದ್ದರು.

‘ಎಷ್ಟು ವರ್ಷ ಆಯ್ತು?’

‘ಹನ್ನೊಂದು.’

ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ಕೈಗೆ ಎರಡು ಬಾಟಲಿ ರಕ್ತ ಹತ್ತಿಸಿ, ಶಿವಮೊಗ್ಗಕ್ಕೆ ಚೀಟಿ ಬರೆದುಕೊಟ್ಟರು.

ಶಿವಮೊಗ್ಗದ ಸರ್ಜನ್ ನನ್ನನ್ನು ಪರೀಕ್ಷೆ ಮಾಡಿದ ಮೇಲೆ ಮಾತಾಡಿದ್ದೆಲ್ಲ ನನ್ನ ಗಂಡನ ಜೊತೆ. ಗಡ್ಡೆಗಳು ಮೂರು ಕಡೆ ದೊಡ್ಡದಾಗಿವೆ, ಕತ್ತರಿಸಿ ತೆಗೆಯದೆ ಬೇರೆ ದಾರಿ ಇಲ್ಲ, ನಾಲ್ಕಾರು ವಾರ ನೋವು ಇರುತ್ತದೆ, ಬಹಳ ಜನರಿಗೆ ಗುಣ ಆಗುತ್ತದೆ, ಅಪರೂಪಕ್ಕೆ ಒಬ್ಬಿಬ್ಬರಿಗೆ ದಾರಿ ಕಿರಿದಾಗಬಹುದು, ಗ್ಯಾಸ್ ತಡೆಯುವ ಶಕ್ತಿ ಕಡಿಮೆಯಾಗಬಹುದು. ನಾನು ಪಕ್ಕದಲ್ಲೇ ಇದ್ದೆ. ಗಂಡ, ‘ನಂಗೂ ಆಗಿದೆ ಸರ್, ಗೊತ್ತು’ ಎಂದು ನಗುತ್ತ ಸಹಿ ಹಾಕಿದರು. ಹಳೆಯ ಗಾಯದ ಗುರುತಿದೆಯಲ್ಲ, ಮೊದಲು ಏನಾದರೂ ಮಾಡಿಸಿದ್ದೀರಾ ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ಆಗ ಸತ್ಯ ಹೇಳಬೇಕಿತ್ತು. ‘ಇಲ್ಲ, ಹೆರಿಗೆಯಲ್ಲಿ ಹರಿದಿತ್ತು’ ಅಂದೆ.

ಆಪರೇಷನ್ನಿನ ಹೊತ್ತಿಗೆ ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಮೊದಲ ಸಲ ಕಕ್ಕಸಿಗೆ ಹೋದಾಗ ಗೊತ್ತಾಯಿತು. ಗೋಡೆಗೆ ಹಣೆ ಒತ್ತಿ ನಿಂತಿದ್ದೆ. ಗಾಜಿನ ಚೂರು ಇಳಿದುಹೋದ ಹಾಗೆ. ಹೊರಗೆ ಬಂದು ನೆಲದ ಮೇಲೆ ಒರಗಿದವಳಿಗೆ ಗಂಡ, ‘ನಂಗೆ ಇಷ್ಟೆಲ್ಲ ಆಗ್ಲಿಲ್ಲಪ್ಪ’ ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಆಶ್ಚರ್ಯದಿಂದ ಹೇಳಿದ್ದು. ಅದಕ್ಕೇ ನನಗೆ ಹೆಚ್ಚು ನೋವಾಯಿತು.

ಮನೆಗೆ ಬಂದ ಮೇಲೆ ನೀರು ಕಾಯಿಸಿಕೊಂಡದ್ದು ನಾನೇ, ಟಬ್ಬು ಎತ್ತಿ ಚೆಲ್ಲಿದ್ದು ನಾನೇ. ಅವರು ಮೊದಲ ಎರಡು ದಿನ ಹೋಟೆಲಿನಿಂದ ಇಡ್ಲಿ ತಂದರು. ಮೂರನೇ ದಿನ, ‘ಒಂದು ಸಾರು ಮಾಡ್ತೀಯ? ನಿಂತು ಮಾಡಿದ್ರೆ ಆಗತ್ತಲ, ಕೂರದಷ್ಟೇ ತೊಂದ್ರೆ’ ಅಂದರು. ಮಗಳು ಹಾಸ್ಟೆಲಿನಿಂದ ಬರುತ್ತೇನೆ ಅಂದಳು, ಪರೀಕ್ಷೆ ಇದೆಯಲ್ಲ ಎಂದು ನಾನೇ ಬೇಡವೆಂದೆ. ನೋಡಲು ಯಾರೂ ಬರಲಿಲ್ಲ. ಯಾರಿಗೂ ಹೇಳಿರಲಿಲ್ಲವಲ್ಲ. ಹೆಂಗಸಿನ ಇಂಥ ಕಾಯಿಲೆಯನ್ನು ಊರಿಗೆ ಸಾರುವುದು ಬೇಡ ಎಂದು ನನ್ನ ಗಂಡ ಹೇಳಿದ್ದರು. ನಾನೂ ಹೌದೆಂದಿದ್ದೆ.

ಒಂದೂವರೆ ತಿಂಗಳು ಕಳೆದರೂ ನೋವು ಹೋಗಲಿಲ್ಲ. ರಕ್ತವೇನೋ ನಿಂತಿತ್ತು. ಆದರೆ ಎಷ್ಟು ಮುಕ್ಕರಿದರೂ ಪೆನ್ಸಿಲಿನಷ್ಟು ಸಣ್ಣಗೆ, ಅದೂ ಅರ್ಧ ಗಂಟೆ ಬೆವರಿದ ಮೇಲೆ. ಮತ್ತೆ ಶಿವಮೊಗ್ಗಕ್ಕೆ ಹೋದೆವು. ಸರ್ಜನ್ ಬೆರಳು ಹಾಕಲು ನೋಡಿದರು, ಕಿರುಬೆರಳೂ ಹೋಗಲಿಲ್ಲ. ಅವರ ಮುಖ ಗಂಭೀರವಾಯಿತು.

‘ನಾನು ತೆಗೆದ ಜಾಗಗಳ ಮಧ್ಯೆ ಒಳ್ಳೆಯ ಚರ್ಮ ಬಿಟ್ಟಿದ್ದೆ. ಅದೇ ಬಿಗಿದುಕೊಂಡಿದೆ. ಇದು ಹೆರಿಗೆಯ ಗಾಯ ಅಲ್ಲ ಅಮ್ಮಾ. ಯಾರೋ ಏನೋ ಹಾಕಿ ಸುಟ್ಟಿದ್ದಾರೆ. ಸರಿಯಾಗಿ ಹೇಳಿ’ ಅಂದರು.

ನಾನು ಹೇಳಿದೆ. ಶೃಂಗೇರಿ, ಮಹಡಿಯ ಕೋಣೆ, ಇಂಜೆಕ್ಷನ್. ಯಾವಾಗ ಎಂದೂ ಹೇಳಿದೆ.

ಡಾಕ್ಟರು ತಲೆ ಅಲ್ಲಾಡಿಸಿ, ಅರಿವಳಿಕೆ ಕೊಟ್ಟು ದಾರಿ ಅಗಲ ಮಾಡಬೇಕೆಂದೂ, ಆಮೇಲೆ ಮನೆಯಲ್ಲಿ ನಾನೇ ದಿನಾ ಒಂದು ಲೋಹದ ಕಡ್ಡಿ ಹಾಕಿಕೊಂಡು ಅದನ್ನು ಮುಚ್ಚಿಕೊಳ್ಳದಂತೆ ನೋಡಿಕೊಳ್ಳಬೇಕೆಂದೂ ವಿವರಿಸಿದರು. ಹೊರಗೆ ಬಂದು ಬಾಡಿಗೆ ಕಾರಿನ ಹತ್ತಿರ ನಿಂತಾಗ ಗಂಡ ಕೇಳಿದರು.

‘ಹಂಗಾದ್ರೆ ಅವತ್ತು ನೀನು ದೇವಸ್ಥಾನಕ್ಕೆ ಹೋಗ್ಲೇ ಇಲ್ವಾ?’

‘ಇಲ್ಲ.’

‘ಕುಂಕುಮ?’

‘ಅಂಗಡೀದು.’

‘ಅದನ್ನ ನಾನು ಹಣೆಗಿಟ್ಕಂಡ್ನಲ್ಲ ಮಾರಾಯ್ತಿ! ದೇವರ ಹೆಸರಲ್ಲಿ ಸುಳ್ಳು ಹೇಳಕ್ಕೆ ಮನಸ್ಸಾದ್ರೂ ಹೆಂಗೆ ಬಂತು ನಿಂಗೆ?’

ಅವರು ನಿಜವಾಗಿಯೂ ನೊಂದಿದ್ದರು. ಒಬ್ಬ ಯಾರೋ ನನ್ನ ಮೈಗೆ ಸುಡುವ ಮದ್ದು ಚುಚ್ಚಿದ್ದು, ಮೂರು ವಾರ ನಾನು ಕೀವಿನಲ್ಲಿ ಪಾಠ ಮಾಡಿದ್ದು, ಇದ್ಯಾವುದರ ಬಗ್ಗೆಯೂ ಅವರು ಕೇಳಲಿಲ್ಲ. ತೀರ್ಥಹಳ್ಳಿ ದಾಟುವವರೆಗೆ ಅವರು ಏನಾದರೂ ಕೇಳುತ್ತಾರೆ ಎಂದು ಕಾದೆ. ಆಮೇಲೆ ಕಾಯುವುದನ್ನು ಬಿಟ್ಟೆ.

ಅವತ್ತೇ ಸಂಜೆ ನಾದಿನಿ ಫೋನ್ ಮಾಡಿದಳು. ‘ಅಣ್ಣ ಎಲ್ಲ ಹೇಳ್ದ. ದೇವಿ ಹೆಸರಲ್ಲಿ ಹಂಗೆಲ್ಲ ಮಾಡಿದ್ರೆ ಇನ್ನೆಂತ ಆಗತ್ತೆ ಅತ್ತಿಗೆ? ಒಂದು ತಪ್ಪುಕಾಣಿಕೆ ಹಾಕಿ ಬನ್ನಿ.’

‘ದೇವಿಗೆ ನನ್ನ ಶಾಲೆ ಕಕ್ಕಸಿಗೆ ಒಂದು ಚಿಲಕ ಹಾಕ್ಸಕ್ಕೆ ಹೇಳು’ ಅಂದೆ. ಅವಳು ಫೋನ್ ಇಟ್ಟಳು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯವರಿಗೆ ನಾನು ಎದುರಾಡಿದ್ದು ಅದೇ ಮೊದಲು. ಆಡಿದ ಮೇಲೆ ಹಗುರವಾಯಿತು ಎಂದು ಬರೆಯಬೇಕೆನ್ನಿಸುತ್ತದೆ, ಆಗಲಿಲ್ಲ.

ಎರಡನೇ ಸಲ ಅರಿವಳಿಕೆ ಕೊಟ್ಟು ದಾರಿ ಅಗಲ ಮಾಡಿದರು. ನಾಲ್ಕು ತಿಂಗಳು ಪ್ರತಿದಿನ ಬಾಗಿಲು ಹಾಕಿಕೊಂಡು ಆ ಕಡ್ಡಿಗೆ ಜೆಲ್ಲಿ ಹಚ್ಚಿ ನನಗೆ ನಾನೇ ಚುಚ್ಚಿಕೊಂಡೆ. ಮೊದಮೊದಲು ಅಳುತ್ತಿದ್ದೆ. ಆಮೇಲೆ ಹಲ್ಲುಜ್ಜುವ ಹಾಗೆ ಅದೂ ಒಂದು ಕೆಲಸವಾಯಿತು. ಕೊನೆಯ ಸಲ ತೋರಿಸಲು ಹೋದಾಗ ಸರ್ಜನ್ ಖುಷಿಯಾಗಿದ್ದರು. ರಕ್ತ ಹನ್ನೆರಡಕ್ಕೆ ಬಂದಿತ್ತು, ಗಡ್ಡೆ ಮರಳಿರಲಿಲ್ಲ, ದಾರಿ ತೆರೆದಿತ್ತು. ‘ಆಪರೇಷನ್ ಸಕ್ಸಸ್ ಅಂತಲೇ ಹೇಳ್ಬೇಕು’ ಅಂದರು. ಸುಳ್ಳಲ್ಲ. ಮೆಟ್ಟಿಲು ಹತ್ತಿದರೆ ಈಗ ಎದೆ ಹೊಡೆದುಕೊಳ್ಳುವುದಿಲ್ಲ. ರಕ್ತ ನೋಡದೆ ದಿನ ಶುರುವಾಗುತ್ತದೆ. ಆದರೆ ಗ್ಯಾಸ್ ತಡೆಯಲು ಆಗುವುದಿಲ್ಲ. ಹೊಟ್ಟೆ ಸ್ವಲ್ಪ ಸಡಿಲವಾದ ದಿನ ಬಟ್ಟೆಯೂ ಉಳಿಯುವುದಿಲ್ಲ, ಅದಕ್ಕೇ ದಿನಾ ಪ್ಯಾಡ್ ಇಟ್ಟುಕೊಳ್ಳುತ್ತೇನೆ. ಮುಟ್ಟು ನಿಂತ ಮೇಲೂ ಅದು ನನಗೆ ತಪ್ಪಿಲ್ಲ. ಒಂದು ದಿನ ಬಗ್ಗಿ ಸೀಮೆಸುಣ್ಣ ಎತ್ತಿಕೊಳ್ಳುವಾಗ ಸದ್ದಾಯಿತು. ಇಡೀ ತರಗತಿ ನಕ್ಕಿತು. ಮಕ್ಕಳು ನಗದೆ ಇನ್ನೇನು ಮಾಡುತ್ತವೆ? ಪುಸ್ತಕ ತೆಗೆಯಿರಿ ಅಂದೆ.

ನಾದಿನಿಯ ಕೃಪೆಯಿಂದ ವಿಷಯ ಊರೆಲ್ಲ ಹರಡಿತ್ತು. ಹಾಗಾಗಿ ಸ್ಟಾಫ್ ರೂಮಿನಲ್ಲೂ ನಾನು ಸೊಂಟನೋವಿನ ಕಥೆ ಹೇಳುವುದನ್ನು ಬಿಟ್ಟೆ. ಕೇಳಿದವರಿಗೆ ಆಗಿದ್ದನ್ನು ಆದ ಹಾಗೆ ಹೇಳಿದೆ. ಮೇಷ್ಟ್ರುಗಳು ಕಿಟಕಿಯಾಚೆ ನೋಡಿದರು. ಕಳೆದ ವರ್ಷ ನಮ್ಮ ಶಾಲೆಗೆ ವರ್ಗವಾಗಿ ಬಂದ, ಚಿಕ್ಕ ಮಗುವಿನ ತಾಯಿಯಾದ ಟೀಚರ್ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಒಂದು ಸಂಜೆ ಬಸ್ಸಿಗೆ ನಡೆದುಹೋಗುವಾಗ ಮೆಲ್ಲಗೆ ಕೇಳಿದಳು.

‘ಮೇಡಂ, ಶೃಂಗೇರಿಯ ಆ ಮನುಷ್ಯ ಈಗ ಎಲ್ಲಿ ಕೂರದು, ಗೊತ್ತಾ?’

ನಾನು ನಿಂತುಬಿಟ್ಟೆ. ‘ಅವನು ನಂಗೆ ಎಂತ ಮಾಡ್ದ ಅಂತ ಹೇಳಿದ್ನಲ್ಲೇ?’

‘ಹೇಳಿದ್ರಿ. ಆದ್ರೆ ಆಪರೇಷನ್ ಮಾಡಿಸ್ಕಂಡೂ ನಿಮ್ಗೆ ಹಿಂಗೇ ಆಯ್ತಲ ಮೇಡಂ. ಅದಕ್ಕಿಂತ ಇಂಜೆಕ್ಷನ್ನೇ ವಾಸಿ ಅಲ್ದಾ?’

ಸಿಟ್ಟು ನೆತ್ತಿಗೇರಿತು. ಆದರೆ ಅವಳು ಕೇಳಿದ್ದರಲ್ಲಿ ತಪ್ಪೇನಿದೆ? ಅವಳ ಕಣ್ಣ ಮುಂದೆ ಇದ್ದ ಆಪರೇಷನ್ ಅಂದರೆ ನಾನೇ. ನನ್ನ ಗಂಡನ ಥರ ನಕ್ಕು ಬೈಕ್ ಹತ್ತಿ ಹೋದವರನ್ನು ಅವಳು ನೋಡಿರಲಿಲ್ಲ. ಅವಳಿಗೆ ರಕ್ತ ಶುರುವಾಗಿ ಐದು ತಿಂಗಳಾಗಿತ್ತಂತೆ. ಮುಂದಿನ ಶನಿವಾರ ಅವಳನ್ನು ಕೈಹಿಡಿದು ಕೊಪ್ಪದ ಆ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಒಂದು ತಿಂಗಳು ಮಲ ಮೆತ್ತಗಾಗುವ ಪುಡಿ, ನೀರು, ಸೊಪ್ಪು ಹೇಳಿದರು. ಅದರಿಂದ ಪೂರ್ತಿ ನಿಲ್ಲದಿದ್ದಾಗ ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಗಡ್ಡೆಯ ಬುಡಕ್ಕೆ ಒಂದು ಸಣ್ಣ ರಬ್ಬರ್ ಉಂಗುರ ತೊಡಿಸಿದರು. ಅದು ತಾನಾಗಿ ಒಣಗಿ ಬಿದ್ದುಹೋಗುತ್ತದೆ. ಕತ್ತಿ ಇಲ್ಲ, ಅರಿವಳಿಕೆ ಇಲ್ಲ. ಶನಿವಾರ ಬೆಳಿಗ್ಗೆ ಹೋದವಳು ಸಂಜೆ ಕಾಫಿಗೆ ಮನೆಯಲ್ಲಿದ್ದಳು. ಸೋಮವಾರ ಶಾಲೆಗೆ ಬಂದಳು.

‘ಎಂತದೂ ಗೊತ್ತಾಗ್ಲಿಲ್ಲ ಮೇಡಂ. ಎರಡು ದಿನ ಸ್ವಲ್ಪ ಭಾರ ಅನ್ನಿಸ್ತು, ಅಷ್ಟೇಯ’ ಅಂದಳು. ಮುಖ ಅರಳಿತ್ತು.

‘ಒಳ್ಳೇದಾಯ್ತು’ ಅಂದೆ. ನಿಜವಾಗಿಯೂ ಒಳ್ಳೆಯದಾಯಿತು ಎಂದೇ ಅನ್ನಿಸಿತ್ತು. ಅದರ ಜೊತೆಗೆ ಇನ್ನೂ ಏನೋ ಅನ್ನಿಸಿತ್ತು. ಅದನ್ನು ಅವಳ ಮುಂದೆ ತೋರಿಸದೆ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದೆ.

ಆಮೇಲೆ ಒಂದು ಸಲ ಸಕ್ಕರೆ ಪರೀಕ್ಷೆಗೆಂದು ಹೋದಾಗ ಲೇಡಿ ಡಾಕ್ಟರನ್ನು ಕೇಳಿದೆ. ‘ನಾನು ಮೊದಲನೇ ವರ್ಷ ಬಂದಿದ್ರೆ ನಂಗೂ ಅಷ್ಟರಲ್ಲೇ ಮುಗೀತಿತ್ತಾ?’

ಅವರು ಚೀಟಿ ಬರೆಯುತ್ತಿದ್ದರು.

‘ಹೆಚ್ಚುಕಡಿಮೆ ಅಷ್ಟೇ. ಈಗ ಅದನ್ನ ಯಾಕೆ ಯೋಚ್ನೆ ಮಾಡ್ತೀರಿ?’ ಅಂದರು.

ಕೇಳಬಾರದಿತ್ತು. ಹೊರಗೆ ಬಂದರೆ ಗಂಡ ಬೈಕಿನ ಮೇಲೆ ಕೂತು ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದರು. ನನ್ನನ್ನು ನೋಡಿ, ‘ಆಯ್ತಾ?’ ಎಂದು ಕೇಳಿದರು. ‘ಆಯ್ತು’ ಅಂದೆ. ನಾನು ನಡೆದೇ ಬರುತ್ತೇನೆ ಎಂದು ಹೇಳಿ ಅವರನ್ನು ಕಳಿಸಿದೆ.